ಇಳಿಯದೆ ನಿಂತ ಒಂದು

ಕಂಪ್ಯೂಟರ್ ರೂಮಿನ ಬಾಗಿಲ ಪಕ್ಕ ಒಂದು ಕರಿ ಬೋರ್ಡು ಇತ್ತು. ಅದರ ಮೇಲೆ ನಂಬರು ಬರೀತಿದ್ದೋಳು ನಾನು. ನಂಬರು ಬಿಟ್ಟು ಬೇರೆ ಬರೆಯೋಕೆ ನನಗೆ ಆಗ ಅಷ್ಟಾಗಿ ಬರ್ತಿರಲಿಲ್ಲ. ಹಲಸೂರಿನ ಕಾರ್ಪೊರೇಷನ್ ಸ್ಕೂಲಿಂದ ಮೂರನೇ ಕ್ಲಾಸಿಗೇ ಬಿಡಿಸಿದ್ದರು. ಈಗ ಬರೀತಿರೋದೂ ಹಾಗೇ, ಬಾಯಲ್ಲಿ ಬಂದ ಹಾಗೆ. ನಂಬರು ಗೊತ್ತಿದ್ದದ್ದೇ ತಪ್ಪಾಯ್ತಲ್ಲ ಅಂತ ಆ ಮಳೆಗಾಲದಲ್ಲಿ ಎಷ್ಟು ಸಲ ಅಂದುಕೊಂಡೆನೋ ಲೆಕ್ಕವಿಲ್ಲ.

ಎಪ್ಪತ್ತರ ದಶಕ ಮುಗೀತಾ ಬಂದಿತ್ತು. ಇಂದಿರಾನಗರದಲ್ಲಿ ಆಗ ಮನೆಗಿಂತ ಖಾಲಿ ಸೈಟೇ ಜಾಸ್ತಿ. ಅದನ್ನೂ ದಾಟಿ ಹಳೇ ಮದ್ರಾಸ್ ರಸ್ತೆಯಿಂದ ಒಳಗೆ ಹೋದರೆ ಒಂದು ಸರ್ಕಾರಿ ಆಫೀಸು. ಅಲ್ಲಿ ನಾನು ಸೆಕೆಂಡ್ ಶಿಫ್ಟಿನ ಅಟೆಂಡರು. ಟೆಂಪರರಿ. ಮಧ್ಯಾಹ್ನ ಊಟ ಮುಗಿಸಿ ಹೋಗೋದು, ರಾತ್ರಿ ಆಫೀಸಿನ ವ್ಯಾನಲ್ಲಿ ಹಲಸೂರು ಕೆರೆ ಹತ್ತಿರ ಇಳಿಯೋದು. ಕೆಲಸ ಏನು ಅಂದ್ರೆ, ರೂಮನ್ನ ಒಣ ಬಟ್ಟೇಲಿ ಒರೆಸೋದು, ನೀರು ಒಂದು ತೊಟ್ಟೂ ಒಳಗೆ ತರದೇ ಇರೋದು, ಪ್ರಿಂಟರಿಂದ ಬಂದ ಕಾಗದ ಹರಿದು ಅವರವರ ಗೂಡಿಗೆ ಹಾಕೋದು, ಒಳಗೆ ಹೋಗೋರು ಚಪ್ಪಲಿ ಹೊರಗೆ ಬಿಟ್ಟರಾ ಅಂತ ನೋಡೋದು. ದೇವಸ್ಥಾನದ ಚಪ್ಪಲಿ ಕಾಯೋಳಿಗೂ ನನಗೂ ಏನೂ ವ್ಯತ್ಯಾಸವಿರಲಿಲ್ಲ, ನನ್ನ ರೂಮಿಗೆ ಏರ್‌ಕಂಡೀಷನ್ ಇತ್ತು ಅಷ್ಟೆ.

ಯಂತ್ರ ಬೀರುವಿನಷ್ಟು ಎತ್ತರ. ಮುಂದಿನ ಫಲಕದ ಮೇಲೆ ಸಾಲಾಗಿ ಕೆಂಪು ದೀಪ, ಯಾವಾಗಲೂ ಮಿಣಮಿಣ ಅಂತಿರೋವು. ಅದರೊಳಗೆ ಯಂತ್ರ ನಡೆಸೋಕೆ ಯುನಿಕ್ಸ್ ಅಂತ ಒಂದು ಪ್ರೋಗ್ರಾಂ ಇತ್ತು. ಯುನಿಕ್ಸೋ ಅದರ ತಮ್ಮನೋ, ನನಗೆ ಗೊತ್ತಿಲ್ಲ; ಎಲ್ಲಿಂದಲೋ ಟೇಪಲ್ಲಿ ತಂದು, ಅಲ್ಲಲ್ಲಿ ತಿದ್ದಿ ಹಾಕಿದ್ದರು. ಅದರಿಂದ ಒಂದೇ ಯಂತ್ರಕ್ಕೆ ಬೇರೆ ಬೇರೆ ಮೇಜಿಂದ ಹತ್ತಾರು ಜನ ಒಟ್ಟಿಗೆ ಕೆಲಸ ಕೊಡಬಹುದಿತ್ತು. ಮೊದಲ ಶಿಫ್ಟಲ್ಲಿ ಎಲ್ಲರೂ ಒಟ್ಟಿಗೆ ಕೊಡೋರು. ಯಂತ್ರ ಆಮೆ ಆಗೋದು. ಆಫೀಸರುಗಳು ನಾನು ಮೊದಲು, ತಾನು ಮೊದಲು ಅಂತ ಜಗಳ ಆಡೋರು.

ಜಗಳ ತಾಳಲಾರದೆ ದೊಡ್ಡ ಸಾಹೇಬರು, ಅಂದ್ರೆ ಆ ರೂಮಿಗೆಲ್ಲ ಯಜಮಾನರು, ಯಂತ್ರದ ಮೇಲೆ ಎಷ್ಟು ಹೊರೆ ಇದೆ ಅಂತ ಅಳೀರಿ ಅಂದರು. ಅಳೆಯೋ ಕೆಲಸ ಇಂಜಿನಿಯರ್ ತಲೆಗೆ ಬಂತು. ಅವರು ಧಾರವಾಡದ ಕಡೆಯವರು, ಬೈಯಪ್ಪನಹಳ್ಳಿ ಹತ್ತಿರ ಬಾಡಿಗೆ ರೂಮಲ್ಲಿದ್ದರು, ಜೋಳದ ರೊಟ್ಟಿ ಸಿಗಲ್ಲ ಅಂತ ದಿನಾ ಬೈಕೊಂಡು ನಮ್ಮ ಕ್ಯಾಂಟೀನಿನ ಚಿತ್ರಾನ್ನ ತಿನ್ನೋರು. ಅವರು ಒಂದು ಪ್ರೋಗ್ರಾಂ ಬರೆದರು. ಟರ್ಮಿನಲ್ಲಲ್ಲಿ ಒಂದು ಮಾತು ಒತ್ತಿದರೆ ಮೂರು ನಂಬರು ಬರೋವು. ಕಳೆದ ಒಂದು ನಿಮಿಷದ ಸರಾಸರಿ, ಐದು ನಿಮಿಷದ್ದು, ಕಾಲು ಗಂಟೇದು.

"ಇದು ಏನ್ ಸಾರ್, ಯಂತ್ರಕ್ಕೆ ಜ್ವರ ಎಷ್ಟಿದೆ ಅಂತಾನಾ?" ಅಂತ ಕೇಳಿದೆ.

"ಜ್ವರ ಅಲ್ಲ ಅಕ್ಕಾರ. ನಿಮ್ಮ ಬಾಗಲ ಮುಂದಿನ ಚಪ್ಪಲಿ ಎಣಿಸಿದಂಗ. ಪ್ರೊಸೆಸರ್ ಅಂತ ಒಳಗ ಒಂದ ತಲಿ ಐತಿ. ಒಂದ ಸಲಕ್ಕ ಒಂದ ಕೆಲಸ ಅಷ್ಟ ಮಾಡ್ತದ. ಈಗ ಮಾಡಾಕತ್ತಿದ್ದು ಒಂದು, ಪಾಳಿ ಹಚ್ಚಿ ನಿಂತಿದ್ದು ಎಷ್ಟು, ಎಲ್ಲಾ ಕೂಡಿಸಿ ಈ ನಂಬರ್. ನಾಕ್ ಅಂದ್ರ ಒಂದು ನಡದೈತಿ, ಮೂರು ಕಾಯಾಕತ್ತಾವ. ಸೊನ್ನಿ ಅಂದ್ರ ಯಾರೂ ಇಲ್ಲ, ತಲಿ ಖಾಲಿ ಕುಂತೈತಿ."

ಅದು ನನಗೆ ತಿಳೀತು. ಸಾಹೇಬರು ಮಾತ್ರ ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಅವರು ಅದನ್ನ ಜನದ ಲೆಕ್ಕ ಅಂದುಕೊಂಡರು. ನಾಲ್ಕು ಅಂದ್ರೆ ನಾಲ್ಕು ಜನ. ಕಾಲು ಗಂಟೇದನ್ನೇ ಬರಿ, ಗಂಟೆಗೊಂದು ಸಲ ಬೋರ್ಡಿನ ಮೇಲೆ ಬರಿ, ನಾನು ಹೋಗ್ತಾ ಬರ್ತಾ ನೋಡ್ತೀನಿ ಅಂತ ನನಗೆ ಸೀಮೆಸುಣ್ಣ ಕೊಟ್ಟರು. ಮೊದಲ ಶಿಫ್ಟಲ್ಲಿ ಬೇರೆ ಅಟೆಂಡರು ಬರೀತಿದ್ದ, ನಾಲ್ಕು, ಆರು, ಏಳು. ನನ್ನ ಶಿಫ್ಟಲ್ಲಿ ಸಂಜೆ ಆದಮೇಲೆ ಇಳೀತಾ ಬರೋದು. ಇಳಿದು ಇಳಿದು ಒಂದಕ್ಕೆ ಬಂದು ನಿಲ್ಲೋದು. ಒಂದು ಚುಕ್ಕಿ ಸೊನ್ನೆ ಎರಡು. ಒಂದು ಚುಕ್ಕಿ ಸೊನ್ನೆ ಸೊನ್ನೆ. ಅದಕ್ಕಿಂತ ಕೆಳಗೆ ಯಾವತ್ತೂ ಇಳೀಲಿಲ್ಲ.

ಆರು ಗಂಟೆ ಮೇಲೆ ಆ ರೂಮಲ್ಲಿ ಇರ್ತಿದ್ದದ್ದು ಇಬ್ಬರೇ. ನಾನು, ಆಪರೇಟರ್ ಹುಡುಗಿ. ಹುಡುಗಿ ಶಿವಾಜಿನಗರದವಳು, ಚರ್ಚಿನ ಹಿಂದಿನ ಗಲ್ಲಿ. ಮನೇಲಿ ತಮಿಳು, ಬೀದೀಲಿ ಉರ್ದು, ನನ್ನ ಹತ್ತಿರ ಎಲ್ಲ ಸೇರಿಸಿ ಕನ್ನಡ. ಪ್ರೊಬೇಷನ್ ಮೇಲಿದ್ದಳು. ಕೆಲಸ ಕನ್ಫರ್ಮ್ ಆದರೆ ಸರಿ, ಆಗದಿದ್ದರೆ ಜೋಲಾರ್‌ಪೇಟೆಯ ಮಾವನ ಮಗನಿಗೆ ಕೊಟ್ಟುಬಿಡ್ತೀವಿ ಅಂತ ಅವಳಪ್ಪ ಹೇಳಿ ಆಗಿತ್ತು. ಮಾವನ ಮಗನನ್ನ ನಾನೂ ಒಂದು ಸಲ ಗೇಟಿನ ಹತ್ತಿರ ನೋಡಿದ್ದೆ. ಕೆಟ್ಟವನೇನಲ್ಲ. ಬಾಯಿ ಮುಚ್ಚೋಕೆ ಬರ್ತಿರಲಿಲ್ಲ ಅಷ್ಟೆ.

ಒಂದು ದಿನ ಸಾಹೇಬರು ಏಳು ಗಂಟೆಗೆ ಬಂದು ಬೋರ್ಡು ನೋಡಿದರು. ಒಳಗೆ ನೋಡಿದರು. ಹುಡುಗಿ ಟೇಪಿಗೆ ಲೇಬಲ್ಲು ಅಂಟಿಸ್ತಾ ಇದ್ದಳು, ಟರ್ಮಿನಲ್ ಮುಟ್ಟಿರಲಿಲ್ಲ.

"ಯಾರು ಕೆಲಸ ಮಾಡ್ತಿದ್ದಾರೆ?"

"ಯಾರೂ ಇಲ್ಲ ಸಾರ್."

"ಬೋರ್ಡಲ್ಲಿ ಒಂದು ಅಂತಿದೆ. ಆ ಒಂದು ಯಾರು?"

ಹುಡುಗಿ ನನ್ನ ಮುಖ ನೋಡಿದಳು. ನಾನು ಸೀಮೆಸುಣ್ಣ ನೋಡಿದೆ. ನಮಗೇನು ಗೊತ್ತು.

ಅಲ್ಲಿಂದ ಶುರುವಾಯ್ತು. ಆ ಹುಡುಗಿ ಹೊರಗಿನವರ ಕೆಲಸ ತಂದು ಸರ್ಕಾರದ ಯಂತ್ರದಲ್ಲಿ ಮಾಡಿಕೊಡ್ತಿದ್ದಾಳೆ ಅಂತ ಸಾಹೇಬರ ತಲೇಲಿ ಕೂತುಬಿಡ್ತು. ಹಿಂದೆ ಇನ್ನೊಂದು ಆಫೀಸಲ್ಲಿ ಯಾರೋ ಜಾತಕ ಹಾಕಿಕೊಟ್ಟು ಸಿಕ್ಕಿಬಿದ್ದಿದ್ದರಂತೆ. ಸರಿ, ಇವಳೂ ಜಾತಕ ಹಾಕ್ತಾಳೆ. ಅವಳು ಕ್ರಿಶ್ಚಿಯನ್ನು, ಜಾತಕ ಎಲ್ಲಿಂದ ಬರಬೇಕು ಅಂತ ಯಾರೂ ಕೇಳಲಿಲ್ಲ. ಮೆಮೊ ಕೈಗೆ ಬಂತು. ಮುಂದಿನ ಸೋಮವಾರದ ವಿಚಾರಣೆಯೊಳಗೆ ಸರಿಯಾದ ಉತ್ತರ ಕೊಡದಿದ್ದರೆ ಪ್ರೊಬೇಷನ್ ಅಲ್ಲಿಗೇ ಮುಗೀತು ಅಂತ.

"ಅಕ್ಕಾ, ನಾನ್ ಏನ್ ಉತ್ರ ಕೊಡ್ಲಿ? ಮಾಡ್ದೇ ಇರೋದಕ್ಕೆ ಉತ್ರ ಹೆಂಗೆ ಬರೆಯೋದು?"

"ಮಾಡಿಲ್ಲ ಅಂತ ಬರಿ."

"ಅದ್ನ ಬರ್ದೆ. ಹಂಗಾದ್ರೆ ಆ ಒಂದು ಯಾರು ಅಂತ ವಾಪಸ್ ಬಂತು."

ನನ್ನನ್ನೂ ಕರೆಸಿದರು. ಸಾಹೇಬರ ಮುಂದೆ ಟೈಪು ಮಾಡಿದ ಒಂದು ಕಾಗದ ಇತ್ತು. ಸಂಜೆ ಹೊತ್ತು ಹೊರಗಿನವರು ಬಂದು ಹುಡುಗಿಯನ್ನ ಕಾಣ್ತಾರೆ, ನಾನು ಕಣ್ಣಾರೆ ಕಂಡಿದ್ದೀನಿ ಅಂತ ಅದರಲ್ಲಿ ಬರೆದಿತ್ತಂತೆ. ಓದಿ ಹೇಳಿದರು.

"ಇಲ್ಲಿ ಸೈನು ಹಾಕಮ್ಮ."

"ಯಾರೂ ಬರಲ್ಲ ಸಾರ್. ಎ.ಸಿ. ಮೆಕ್ಯಾನಿಕ್ ಒಬ್ಬ ಬರ್ತಾನೆ. ಅವನೂ ಕರೆದಾಗ ಬರಲ್ಲ."

"ನೀನು ಟೆಂಪರರಿ ಅನ್ನೋದು ನೆನಪಿದೆಯಾ?"

"ಇದೆ ಸಾರ್. ನೋಡದ್ದನ್ನ ನೋಡಿದೆ ಅಂತ ಬರೆದರೂ ಟೆಂಪರರೀನೇ. ನನ್ನ ಕೈಲಿ ನಂಬರು ಬರೆಸಿ, ಎಷ್ಟು ಬೇಕಾದರೂ ಬರೀತೀನಿ. ಇದು ಆಗಲ್ಲ."

ಸಾಹೇಬರು ಕಾಗದ ಪಕ್ಕಕ್ಕೆ ತಳ್ಳಿದರು. ಅವರೇನು ದುಷ್ಟರಲ್ಲ. ಹೆಡ್ಡಾಫೀಸಿಂದ ದಿನಾ ಬೈಸಿಕೊಂಡು ಬೈಸಿಕೊಂಡು, ತಾವೂ ಒಬ್ಬರನ್ನ ಹಿಡಿಯಲೇಬೇಕು ಅನ್ನೋ ಹಟಕ್ಕೆ ಬಿದ್ದಿದ್ದರು. ಅದೇನು ದೊಡ್ಡ ಸಮಾಧಾನದ ಮಾತಲ್ಲ.

ಆಮೇಲೆ ಹುಡುಕಾಟ. ಎಲ್ಲ ಟರ್ಮಿನಲ್ಲುಗಳ ಕೇಬಲ್ಲು ಒಂದೊಂದಾಗಿ ಕಿತ್ತರು. ಒಂದು ಕಿತ್ತು ಕಾಲು ಗಂಟೆ ಕಾಯೋದು, ನಾನು ಬೋರ್ಡಲ್ಲಿ ಬರೆಯೋದು, ಇನ್ನೊಂದು ಕೀಳೋದು. ಕೊನೆಗೆ ಯಂತ್ರದ ಪಕ್ಕದ್ದೊಂದೇ ಉಳೀತು, ಅದರಲ್ಲೇ ನಂಬರು ಕೇಳಬೇಕಲ್ಲ. ಆಗಲೂ ಒಂದು.

ಹಾಗಾದರೆ ಕದ್ದು ಎಳೆದ ವೈರು ಇರಬೇಕು ಅಂದರು ಸಾಹೇಬರು. ಆ ರೂಮಿಗೆ ಎರಡು ನೆಲ. ಮೇಲಿನ ಹಲಗೆ ಎತ್ತಿದರೆ ಕೆಳಗೆ ಮೊಣಕಾಲೆತ್ತರದ ಖಾಲಿ ಜಾಗ, ವೈರೆಲ್ಲ ಅಲ್ಲೇ ಓಡಾಡೋದು. ಗಂಡಸರ ಹೊಟ್ಟೆ ಅಲ್ಲಿ ಹಿಡಿಸಲ್ಲ. ನಾನು ಸಣ್ಣಗಿದ್ದೆ. ಸೀರೆ ಎತ್ತಿಕಟ್ಟಿ ಟಾರ್ಚು ಹಿಡಿದು ನುಗ್ಗಿದೆ. ಕೆಳಗೆ ತಣ್ಣನೆ ಗಾಳಿ ಮುಖಕ್ಕೆ ಹೊಡೀತಿತ್ತು, ಹೊಟ್ಟೆ ಮೇಲೆ ತೆವಳಿ ತೆವಳಿ ಮೊಣಕೈ ತರಚಿಹೋಯ್ತು. ಸಿಕ್ಕಿದ್ದು ಒಂದು ಇಲಿ ಗೂಡು, ಕಡಲೇಕಾಯಿ ಸಿಪ್ಪೆ, ಯಾರದ್ದೋ ಬಾಚಣಿಗೆ.

"ವೈರು?" ಅಂತ ಮೇಲಿಂದ ಸಾಹೇಬರು.

"ಇಲಿ ಇದೆ ಸಾರ್. ಅದೇ ಆ ಒಂದಾ ಅಂತ ಕೇಳಲಾ?"

ಇಂಜಿನಿಯರ್ ನಕ್ಕರು. ಸಾಹೇಬರು ನಗಲಿಲ್ಲ. ಮಾರನೇ ದಿನ ಇಲಿ ಬೋನು ತರಿಸಿದರು, ಅದಕ್ಕೆ ತಿಂಡಿ ಇಡೋ ಕೆಲಸವೂ ನನ್ನದೇ ಆಯ್ತು.

ಇಂಜಿನಿಯರಿಗೆ ತಾನು ಬರೆದ ಪ್ರೋಗ್ರಾಂ ಮೇಲೇ ಅನುಮಾನ ಬಂತು. ಅಳೆಯೋದೂ ಒಂದು ಕೆಲಸವೇ ತಾನೆ, ಅದು ತನ್ನನ್ನೂ ಸೇರಿಸಿ ಎಣಿಸ್ತಿದ್ದರೆ? ತಕ್ಕಡೀಲಿ ಅಂಗಡಿಯವನ ಕೈಯೂ ಕೂತ ಹಾಗೆ. ಕೂತು ತಿದ್ದಿದರು, ತನ್ನನ್ನ ಬಿಟ್ಟು ಎಣಿಸೋ ಹಾಗೆ ಮಾಡಿದರು. ಆಗಲೂ ಒಂದು. ಆಮೇಲೆ ಏನೇನು ಕೆಲಸ ನಡೀತಿದೆ ಅಂತ ಯಂತ್ರವನ್ನೇ ಕೇಳಿದರು. ಟರ್ಮಿನಲ್ ಮುಂದೆ ಕೂತವರದ್ದು ಮಾತ್ರ ಕೇಳಿದರೆ ಅವರ ಕೆಲಸ ಒಂದೇ ಬಂತು. ಯಂತ್ರ ತಾನಾಗೇ ಶುರು ಮಾಡಿಕೊಂಡದ್ದನ್ನೂ ಸೇರಿಸಿ ಕೇಳಿದರು, ಕೆಲವು ಬಂದವು. ಬೆರಳಿಟ್ಟು ನೋಡಿದರು. "ಇವೆಲ್ಲಾ ಮನೀ ಮಂದಿ, ಮೊದಲಿಂದ ಇದ್ದಿದ್ದ. ಕಳ್ಳ ಯಾರೂ ಇಲ್ಲ" ಅಂದರು.

ವಿಚಾರಣೆ ಹತ್ತಿರ ಬಂತು. ಹುಡುಗಿ ಡಬ್ಬಿ ತೆಗೆದು ಊಟ ಮಾಡೋದನ್ನ ಬಿಟ್ಟಳು. ತಿನ್ನು ಅಂದರೆ, ಜೋಲಾರ್‌ಪೇಟೇಲಿ ತಿಂದುಕೊಳ್ತೀನಿ ಬಿಡಕ್ಕಾ ಅನ್ನೋಳು. ನನಗೆ ಕೋಪ ಬಂದಿದ್ದು ಅವಳ ಮೇಲಲ್ಲ. ಆ ಯಂತ್ರದ ಮೇಲೆ. ಮನುಷ್ಯರು ಸುಳ್ಳು ಹೇಳಿದರೆ ಕೂಗಾಡಬಹುದು. ಇದಕ್ಕೆ ಒಣ ಬಟ್ಟೇಲಿ ಒರೆಸೋದು ಬಿಟ್ಟು ಏನು ಮಾಡೋದು.

ಶನಿವಾರ ಮಧ್ಯಾಹ್ನ ಇಂಜಿನಿಯರ್ ಯಂತ್ರದ ಮುಂದೆ ಸ್ಟೂಲು ಹಾಕಿಕೊಂಡು ದೀಪಗಳನ್ನೇ ನೋಡ್ತಾ ಕೂತಿದ್ದರು.

"ಅಕ್ಕಾರ, ಈ ದೀಪ ಎಂದಾದರೂ ಅಲ್ಲಾಡದ ನಿಂತಿದ್ದು ನೋಡಿರೇನು?"

"ಇಲ್ಲ. ನಾನು ಸೇರಿದಾಗಿಂದ ಹೀಗೇ ಕುಣೀತಾವೆ."

"ನಾನೂ ನೋಡಿಲ್ಲ. ಕೆಲಸ ಇಲ್ಲ ಅಂದ್ರ ಅವು ಒಂದ ನಮೂನಿ ನಿಲ್ಲಬೇಕು, ಹಂಗ ಪುಸ್ತಕದಾಗ ಐತಿ. ಅಂದ್ರ ಇದು ಈಗ ಬಂದ ಕಳ್ಳ ಅಲ್ಲ. ಈ ಹುಡುಗಿ ಬರೋಕಿಂತ ಮೊದಲಿಂದ ಒಳಗ ಕುಂತಾನ."

"ಹಾಗಂತ ಸಾಹೇಬರಿಗೆ ಹೇಳಿ."

"ಯಾಂವ ಅಂತ ತೋರಿಸದ ಹೇಳಿದ್ರ ಕೇಳ್ತಾರೇನು?"

ಸಾಹೇಬರು ಇರಲಿಲ್ಲ, ಯಾವುದೋ ಮೀಟಿಂಗಿಗೆ ಊರಾಚೆ ಹೋಗಿದ್ದರು. ಅವರ ಸೈನು ಇರೋ ಚೀಟಿ ಇಲ್ಲದೆ ಯಂತ್ರ ಆರಿಸೋ ಹಾಗಿರಲಿಲ್ಲ. ಅದು ಗೋಡೆ ಮೇಲೇ ಬರೆದಿತ್ತು. ಇಂಜಿನಿಯರ್ ಗೋಡೆ ನೋಡಿದರು, ಹುಡುಗಿ ಕಡೆ ನೋಡಿದರು, ಎದ್ದರು.

"ಏ ತಂಗಿ, ಯಾರದರ ಕೆಲಸ ನಡದೈತೇನು?"

"ಯಾರ್ದೂ ಇಲ್ಲ ಸಾರ್."

"ಆರಸ್ತೀನಿ."

"ಸಾರ್, ಬೇಡ. ನನ್ ಕೆಲ್ಸ ಹೋಗೋದು ಹೋಗತ್ತೆ, ನಿಮ್ದೂ ಯಾಕೆ?"

"ನಂದು ಪರ್ಮನೆಂಟ್ ಐತಿ. ಹೋಗಬೇಕಂದ್ರೂ ಜಲ್ದಿ ಹೋಗಂಗಿಲ್ಲ."

ಆರಿಸಿಬಿಟ್ಟರು. ಫ್ಯಾನು ಕೊರಗ್ತಾ ಕೊರಗ್ತಾ ನಿಂತಿತು. ಆ ರೂಮು ಅಷ್ಟು ಸುಮ್ಮನಿದ್ದದ್ದು ನಾನು ಕಂಡಿರಲಿಲ್ಲ. ಹೊರಗೆ ರಸ್ತೇಲಿ ಬಸ್ಸು ಹೋಗೋದು ಕೇಳಿಸ್ತು.

ಯಂತ್ರ ಶುರು ಮಾಡಿದರೆ ದಿನಾ ತನ್ನಷ್ಟಕ್ಕೆ ತಾನೇ ಒಂದಷ್ಟು ಸಾಲು ಓದಿಕೊಂಡು ಎಲ್ಲ ಕೆಲಸ ಎಬ್ಬಿಸಿಕೊಳ್ಳೋದು. ಅವತ್ತು ಹಾಗೆ ಬಿಡಲಿಲ್ಲ. ಪ್ರೊಸೆಸರ್ ಮಾತ್ರ ಎಬ್ಬಿಸಿ, ಆ ಸಾಲುಗಳನ್ನ ಒಂದೊಂದಾಗಿ ತಾವೇ ಕೈಯಾರೆ ಒತ್ತೋದು, ಪ್ರತಿ ಸಾಲಿಗೂ ದೀಪ ನೋಡೋದು ಅಂದರು. ಸಾಲುಗಳ ನೆತ್ತಿ ಮೇಲೆ ಗಣಪತಿ ಹೆಸರಿತ್ತು. "ದೇವರು ಇರಲಿ, ಮೊದಲು ಕೆಲಸ" ಅಂತ ಅದನ್ನ ಬಿಟ್ಟು ಅದರ ಕೆಳಗಿನ ಸಾಲಿಂದ ಶುರು ಮಾಡಿದರು.

ದೀಪ ನಿಂತಿತು. ಅಲ್ಲಾಡದೆ, ಒಂದೇ ನಮೂನೆ. ನಾನು ಯಂತ್ರ ಕೆಟ್ಟೇ ಹೋಯ್ತು ಅಂದುಕೊಂಡೆ.

ಡಿಸ್ಕು ಜೋಡಿಸೋ ಸಾಲು ಒತ್ತಿದರು. ದೀಪ ಒಂದು ಕ್ಷಣ ಕುಣಿದು ಮತ್ತೆ ನಿಂತಿತು. ಹಳೇ ಕಸ ಅಳಿಸೋ ಸಾಲು. ಕುಣಿದು ನಿಂತಿತು. ಟರ್ಮಿನಲ್ಲುಗಳನ್ನ ಎಬ್ಬಿಸೋ ಸಾಲು. ಹುಡುಗಿ ಹೋಗಿ ಕೂತು ನಂಬರು ಕೇಳಿದಳು. ಸೊನ್ನೆ ಚುಕ್ಕಿ ಸೊನ್ನೆ ಒಂದು. ಪ್ರಿಂಟರಿನ ಸಾಲು. ಆಗಲೂ ಸೊನ್ನೆ.

"ಮುಗೀತು" ಅಂದರು ಇಂಜಿನಿಯರ್. ಮುಖ ಬಾಡಿಹೋಗಿತ್ತು. "ಎಲ್ಲಾ ಎಬ್ಬಿಸೀನಿ. ಎಲ್ಲಾನೂ ನೆಟ್ಟಗ ಐತಿ. ಯಾಂವ ಅಂತ ಈಗೂ ಸಿಗಲಿಲ್ಲ."

ಹುಡುಗಿ ಮೆಲ್ಲಗೆ ಅಂದಳು, "ಸಾರ್, ಗಣಪತಿ ಹಾಕ್ಲಿಲ್ಲ."

"ಅದು ಬರೇ ಹೆಸರು, ತಂಗಿ. ಅಂಗಡಿಯವರು ಮೊದಲ ಶ್ರೀ ಬರೀತಾರಲ್ಲ, ಹಂಗ."

"ಇರ್ಲಿ ಸಾರ್. ಹಾಕ್ದೇ ಬಿಟ್ರೆ ಅದಕ್ಕೂ ನಂಗೇ ಮೆಮೊ ಬರತ್ತೆ."

ಇಂಜಿನಿಯರ್ ಬೇಸರದಲ್ಲಿ ಒತ್ತಿದರು. ದೀಪ ಕುಣಿಯೋಕೆ ಶುರುವಾಯ್ತು. ಕುಣೀತು, ಕುಣೀತು, ನಿಲ್ಲಲಿಲ್ಲ. ಹುಡುಗಿ ನಂಬರು ಕೇಳ್ತಾ ಹೋದಳು. ಹಾಲು ಉಕ್ಕೋ ಹಾಗೆ ಮೆಲ್ಲಗೆ ಏರಿತು, ಸೊನ್ನೆ ಚುಕ್ಕಿ ಮೂರು, ಸೊನ್ನೆ ಚುಕ್ಕಿ ಆರು, ಸೊನ್ನೆ ಚುಕ್ಕಿ ಒಂಬತ್ತು. ಒಂದಕ್ಕೆ ಬಂದು ಕೂತಿತು.

ಇಂಜಿನಿಯರ್ ಹಣೆ ಹಿಡಿದುಕೊಂಡು, "ಇದನ್ನ ನಾ ನೋಡೀನ್ರಿ. ಮನ್ನೆ ಬಂದ ಹೆಸರಿನಾಗ ಇದೂ ಇತ್ತು. ಗಣಪತಿ ಅಲ್ಲೇನು ಅಂತ ಬೆರಳ ಮುಂದ ಸರಿಸಿದೆ" ಅಂದರು. ನಾನಾಗಿದ್ದರೂ ಸರಿಸ್ತಿದ್ದೆ. ದೇವರ ಹೆಸರಿಟ್ಟುಕೊಂಡು ಕೂತೋನನ್ನ ನೀನ್ಯಾರು ಅಂತ ಯಾರು ಕೇಳ್ತಾರೆ.

ಸೋಮವಾರ ಸಾಹೇಬರ ರೂಮಲ್ಲಿ ವಿಚಾರಣೆ. ಇಂಜಿನಿಯರ್ ಎಲ್ಲ ಹೇಳಿದರು. ಚೀಟಿ ಇಲ್ಲದೆ ಆರಿಸಿದ್ದಕ್ಕೆ ಮೊದಲು ಬೈಗುಳ ಆಯ್ತು. ಆಮೇಲೆ ಗಣಪತಿ ಅನ್ನೋ ಮಾತು ಬಂದಾಗ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅದು ನಾನೇ ಬರೆದದ್ದು."

ವಿಷಯ ಏನಂದ್ರೆ, ಯಂತ್ರ ಬಂದ ಹೊಸದರಲ್ಲಿ ಅವರೂ ಹೊರೆ ಅಳೆಯೋಕೆ ಹೋಗಿದ್ದರು, ತಮ್ಮದೇ ದಾರೀಲಿ. ಯಾರಿಗೂ ಬೇಡದೆ ಉಳಿದ ಹೊತ್ತನ್ನೆಲ್ಲ ಒಂದು ಪ್ರೋಗ್ರಾಮಿಗೆ ಕೊಡೋದು. ಬೇರೆ ಯಾರೇ ಬಂದರೂ ಅದು ಜಾಗ ಬಿಟ್ಟು ಹಿಂದೆ ಸರಿಯಬೇಕು, ಎಲ್ಲರೂ ಹೋದಮೇಲೆ ಕೂತು ಸುಮ್ಮನೆ ಎಣಿಸ್ತಾ ಇರಬೇಕು. ಅದು ಎಷ್ಟು ಎಣಿಸಿತು ಅಂತ ನೋಡಿದರೆ ಯಂತ್ರಕ್ಕೆ ಎಷ್ಟು ಹೊತ್ತು ಬಿಡುವಿತ್ತು ಅಂತ ಗೊತ್ತಾಗುತ್ತೆ. ಒಳ್ಳೇ ಉಪಾಯವೇ ಅಂತೆ, ಇಂಜಿನಿಯರೂ ಒಪ್ಪಿದರು. ಆಯುಧ ಪೂಜೆ ದಿನ ಯಂತ್ರಕ್ಕೆ ಕುಂಕುಮ ಇಟ್ಟು, ಕಾಯಿ ಒಡೆದು, ಗಣಪತಿ ಅಂತ ಹೆಸರಿಟ್ಟು ಶುರು ಮಾಡಿದ್ದರು. ಆಮೇಲೆ ಸಾಹೇಬರು ದೊಡ್ಡವರಾದರು, ಮೀಟಿಂಗು ಹೆಚ್ಚಾಯ್ತು, ಮರೆತರು. ಅದು ಎಣಿಸ್ತಾನೇ ಇತ್ತು. ಯಾರಿಗೂ ತೊಂದರೆ ಕೊಟ್ಟಿರಲಿಲ್ಲ. ಹೊಸ ಅಳತೆ ಬಂದು ಸಾಲಲ್ಲಿ ನಿಂತವರನ್ನ ಎಣಿಸಿದಾಗ ಅದನ್ನೂ ಎಣಿಸಿತು, ಅಷ್ಟೆ.

"ಅಂದ್ರ ಆ ಒಂದು ನೀವ, ಸರ್" ಅಂದರು ಇಂಜಿನಿಯರ್. ನಗದೇ ಅಂದರು.

ಸಾಹೇಬರು ತಪ್ಪಾಯ್ತು ಅನ್ನಲಿಲ್ಲ. ಹುಡುಗಿ ಕಡೆ ಕೈ ಚಾಚಿ, "ಆ ಮೆಮೊ ಇಲ್ಲಿ ಕೊಡಮ್ಮ" ಅಂದರು. ಇಸಕೊಂಡು ನಾಲ್ಕು ಮಡಿಕೆ ಮಡಚಿ ಹರಿದು ಕಸದ ಬುಟ್ಟಿಗೆ ಹಾಕಿದರು. ಬುಟ್ಟಿ ಖಾಲಿ ಮಾಡೋಳು ನಾನೇ ಆದ್ದರಿಂದ ಹರಿದದ್ದು ನಿಜ ಅಂತ ಹೇಳಬಲ್ಲೆ. ಆ ತಿಂಗಳೇ ಹುಡುಗಿಗೆ ಕನ್ಫರ್ಮೇಷನ್ ಆರ್ಡರು ಬಂತು. ನನ್ನ ಟೆಂಪರರಿ ಹಾಗೇ ಉಳೀತು, ಅದು ಬೇರೆ ಮಾತು.

"ಹಂಗಾರ ಗಣಪತಿ ನಿಲ್ಲಿಸಿಬಿಡ್ಲೇನ್ರಿ ಸರ್?" ಅಂತ ಇಂಜಿನಿಯರ್ ಕೇಳಿದರು.

ಸಾಹೇಬರು ಬೆಚ್ಚಿದರು. "ಕಾಯಿ ಒಡೆದು ಶುರು ಮಾಡಿದ್ದು ಕಣ್ರೀ. ಮಧ್ಯದಲ್ಲಿ ನಿಲ್ಲಿಸೋದಾ? ಬೇಡ, ಅದು ನಡೀಲಿ. ಏನಮ್ಮಾ, ಇನ್ಮೇಲೆ ಬೋರ್ಡಲ್ಲಿ ಒಂದು ಕಳೆದು ಬರಿ."

ಇಷ್ಟೆಲ್ಲ ಆಗಿ ಕೊನೆಗೆ ಕಂಡುಹಿಡಿದ ಪರಿಹಾರ ಇದು. ಮೂರನೇ ಕ್ಲಾಸಿನ ಕಳೆಯೋ ಲೆಕ್ಕ. ನಾನು ಕಳೆದು ಬರೆದೆ. ಮೊದಲ ಶಿಫ್ಟಿನ ಅಟೆಂಡರಿಗೂ ಹೇಳಿಕೊಟ್ಟೆ, ಅವನು ಎರಡು ದಿನ ಎರಡೆರಡು ಕಳೆದ. ನನ್ನ ಶಿಫ್ಟಲ್ಲಿ ಸಂಜೆ ಮೇಲೆ ಸೊನ್ನೆ, ಸೊನ್ನೆ, ಸೊನ್ನೆ ಅಂತ ಸಾಲಾಗಿ ಬಂತು. ಅಂತೂ ಸಮಾಧಾನ ಅಂದುಕೊಂಡೆ.

ಸಮಾಧಾನ ಮುಂದಿನ ವಾರದ ತನಕ. ಸಾಹೇಬರು ಹೆಡ್ಡಾಫೀಸಿನಿಂದ ಬಂದಿದ್ದ ಒಬ್ಬರನ್ನ ಕರಕೊಂಡು ಸಂಜೆ ರೌಂಡಿಗೆ ಬಂದರು. ಆ ಮನುಷ್ಯರು ಚಪ್ಪಲಿ ಬಿಡ್ತಾ ಬೋರ್ಡು ನೋಡಿ, "ಸೆಕೆಂಡ್ ಶಿಫ್ಟಲ್ಲಿ ಪೂರಾ ಸೊನ್ನೆ ಇದೆಯಲ್ರೀ. ಇಬ್ಬರನ್ನ ಯಾಕೆ ಕೂರಿಸಿದ್ದೀರಿ? ಈ ಶಿಫ್ಟು ಬೇಕಾ?" ಅಂದರು.

ಸಾಹೇಬರು ಕನ್ನಡಕ ತೆಗೆದು ಒರೆಸೋಕೆ ಶುರು ಮಾಡಿದರು. ಆ ಸೊನ್ನೆ ಹೇಗೆ ಬಂತು ಅಂತ ಹೇಳಬೇಕಾದರೆ ಗಣಪತಿ ಕತೆ ಪೂರ್ತಿ ಹೇಳಬೇಕಲ್ಲ. ನಾನು ಒಣ ಬಟ್ಟೆ ಹಿಡಕೊಂಡು ನಿಂತಿದ್ದೆ. ಹುಡುಗಿ ಟರ್ಮಿನಲ್ ಮುಂದಿಂದ ಎದ್ದು ಬಾಗಿಲಿಗೆ ಬಂದಳು. ಕನ್ಫರ್ಮ್ ಆದಮೇಲೆ ಅವಳ ನಡಿಗೇನೇ ಬೇರೆ ಆಗಿತ್ತು.

"ಸಾರ್, ಅಕ್ಕ ಇವತ್ತು ಒಂದು ಹೆಚ್ಗೆ ಕಳೆದವ್ರೆ," ಅಂದಳು. "ವಾಪಸ್ ಸೇರಿಸ್ಲಾ?"

ಹೆಡ್ಡಾಫೀಸಿನವರು ಸಾಹೇಬರ ಮುಖ ನೋಡಿದರು. ಸಾಹೇಬರು ನನ್ನ ಕೈಲಿದ್ದ ಸೀಮೆಸುಣ್ಣ ನೋಡಿದರು.

"ಸೇರಿಸು," ಅಂದರು.

ನಾನು ಸೊನ್ನೆಗಳನ್ನೆಲ್ಲ ಒರೆಸಿ ಒಂದು ಅಂತ ಬರೆದೆ. ಶಿಫ್ಟು ಉಳೀತು. ಆ ಯಂತ್ರ ಹಳೇದಾಗಿ ಲಾರಿ ಮೇಲೆ ಏರಿ ಗೇಟು ದಾಟೋ ತನಕ ಅದನ್ನೇ ಬರೆದೆ. ಆ ಒಂದು ಯಾರು ಅಂತ ಆಮೇಲೆ ಯಾರೂ ಕೇಳಲಿಲ್ಲ.